ಸುಮ್ಮನಿರುವ ಕುರ್ಚಿ

ತರೀಕೆರೆಯಲ್ಲಿ ನಮ್ಮ ಎಂ.ಎ. ತರಗತಿ ನಡೆಯುತ್ತಿದ್ದ ಕೋಣೆಯಲ್ಲಿ ಒಂದು ಕುರ್ಚಿಗೆ ಎಡಗೈ ಇರಲಿಲ್ಲ. ಅಥವಾ ಬಲಗೈಯೋ. ಮೊನ್ನೆ ಆಗಿನ ಸಹಪಾಠಿ ರುದ್ರೇಶ ಫೋನ್ ಮಾಡಿ, ಅಲ್ಲಿ ನಮಗೆ ಪಾಠ ಹೇಳುತ್ತಿದ್ದ ಮೇಡಂ ತೀರಿಕೊಂಡ ಸುದ್ದಿ ಹೇಳಿದ. ಹೇಳಿದ ಮೇಲೆ ಫೋನ್ ಇಡಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಆ ಕುರ್ಚಿಯ ಯಾವ ಕೈ ಮುರಿದಿತ್ತು ಎಂದು ಬಹಳ ಹೊತ್ತು ಜಗಳವಾಡಿದೆವು. ಅವನು ಬಲ ಅಂದ, ನಾನು ಎಡ ಅಂದೆ. ನಾನು ದಿನಚರಿ ಬರೆಯುವವಳು ಎಂಬ ಕಾರಣಕ್ಕೆ ಅವನು ಕೊನೆಗೆ ಸೋತ. ಆದರೆ ದಿನಚರಿಯಲ್ಲಿ ಅದು ಇಲ್ಲ. ನೋಡಿದೆ. ಕುರ್ಚಿಯ ಪ್ರಸ್ತಾಪ ಬೇಕಾದಷ್ಟಿದೆ, ಕೈಯ ಪ್ರಸ್ತಾಪ ಎಲ್ಲೂ ಇಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮೇಡಂ ಮಾತು ಎಂದು ಬರೆಯುವುದರಲ್ಲಿ ಎಷ್ಟು ಅವರದು, ಎಷ್ಟು ನಾನು ವರ್ಷಗಟ್ಟಲೆ ಅವರ ಹೆಸರಿನಲ್ಲಿ ಹೇಳಿ ಹೇಳಿ ಅವರದಾಗಿಸಿದ್ದು ಎಂದು ನನಗೇ ಖಾತ್ರಿಯಿಲ್ಲ. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಲ್ಲಿ ಬಾಯಿ ತೆರೆದರೆ ಬರುವುದು ಅವರ ಮಾತೇ. ಅಷ್ಟು ಬಳಸಿದ ಪಾತ್ರೆಯ ಮೊದಲ ಆಕಾರ ಹೇಗಿತ್ತೆಂದು ಯಾರು ಹೇಳಬಲ್ಲರು?

ಅವರು ನಮಗೆ ಕಲಿಸಿದ್ದು ಸಾರ್ವಜನಿಕ ನೀತಿ ವಿಶ್ಲೇಷಣೆ ಎಂಬ ಒಂದು ಪತ್ರಿಕೆ. ಊರಿಗೋ ನಾಡಿಗೋ ಸರ್ಕಾರ ಒಂದು ಕೆಲಸ ಮಾಡಹೊರಟಾಗ ಏನೇನು ಯೋಚಿಸಬೇಕು, ಮಾಡಿದ ಮೇಲೆ ಅದರಿಂದ ನಿಜವಾಗಿ ಏನಾಯಿತೆಂದು ಹೇಗೆ ತಿಳಿಯಬೇಕು ಎನ್ನುವ ಪಾಠ. ಹೆಸರು ಕೇಳಿಯೇ ನಮಗೆ ಆಕಳಿಕೆ ಬಂದಿತ್ತು. ಕಡೂರಿನಿಂದ ಬೀರೂರು ಹಾದು ದಿನಾ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದ ನನಗಂತೂ ಆ ತರಗತಿ ಕೂತು ಸುಧಾರಿಸಿಕೊಳ್ಳುವ ಹೊತ್ತು ಎಂಬ ಲೆಕ್ಕವಿತ್ತು.

ಮೊದಲ ವಾರ ಅವರು ತರೀಕೆರೆ ಬಸ್‌ಸ್ಟ್ಯಾಂಡಿಗೆ ನಮ್ಮನ್ನು ಕಳಿಸಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲಿರಬೇಕು, ಯಾರ ಹತ್ತಿರವೂ ಮಾತಾಡಕೂಡದು, ಬಂದು ಒಂದು ಸಮಸ್ಯೆ ಬರೆಯಬೇಕು. ರುದ್ರೇಶ ಲಕ್ಕವಳ್ಳಿಯವನು. ಅವನ ಅಪ್ಪ ಅಣೆಕಟ್ಟೆಯಲ್ಲಿ ಕೆಲಸದಲ್ಲಿದ್ದುದರಿಂದ ನೀರಿನ ವಿಷಯದಲ್ಲಿ ತಾನೇ ತಜ್ಞ ಎಂದು ತಿಳಿದಿದ್ದ. "ಬಸ್ ನಿಲ್ದಾಣದಲ್ಲಿ ಇನ್ನೊಂದು ನೀರಿನ ಟ್ಯಾಂಕ್ ಇಲ್ಲದಿರುವುದು" ಎಂದು ದಪ್ಪಕ್ಷರದಲ್ಲಿ ಬರೆದು ಕೊಟ್ಟ.

ಮೇಡಂ ಓದಿದರು. ಸೀಮೆಸುಣ್ಣವನ್ನು ಅಂಗೈಗೆ ಮೆಲ್ಲಗೆ ಬಡಿದುಕೊಂಡರು. ಅದು ಅಪಾಯದ ಸೂಚನೆ ಎಂದು ನಮಗೆ ಆಗ ಗೊತ್ತಿರಲಿಲ್ಲ.

"ಏನಪ್ಪಾ, ಟ್ಯಾಂಕಿಗೆ ಬಾಯಾರಿಕೆ ಆಗಿದೆಯಾ?"

"ಇಲ್ಲ ಮೇಡಂ."

"ಮತ್ತೆ ಯಾರಿಗೆ ಆಗಿದೆ? ಅದನ್ನ ಬರಿ. ಇದು ಸಮಸ್ಯೆ ಅಲ್ಲ ಕಣೋ, ನೀನು ಮನೇಲೇ ಮಾಡ್ಕೊಂಡು ಬಂದ ಉತ್ತರ. ಉತ್ತರಕ್ಕೆ ಸಮಸ್ಯೆಯ ಅಂಗಿ ಹಾಕ್ಸಿದೀಯ."

ನಾವೆಲ್ಲ ನಕ್ಕೆವು. ನಗು ನಿಲ್ಲುವಷ್ಟರಲ್ಲಿ ನಮ್ಮ ಹಾಳೆಗಳನ್ನೂ ಓದಿದರು. ಎಲ್ಲರೂ ಅಂಗಿ ಹಾಕಿಸಿದ್ದೆವು. ನನ್ನದು "ಸೂಚನಾ ಫಲಕಗಳ ಕೊರತೆ". ಅದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮರುದಿನ ಆ ಕುರ್ಚಿ ಬಂತು. ಗೋಡೆ ಪಕ್ಕ ಬಿದ್ದಿದ್ದನ್ನು ಅವರೇ ಎಳೆದು ತಂದು, ನಮ್ಮ ಬೆಂಚುಗಳಿಗೆ ಎದುರಾಗಿ ಕಿಟಕಿಯ ಬಳಿ ಇಟ್ಟರು. ಯಾವ ಸಮಸ್ಯೆ ಬಂದರೂ ಎದುರಿಗಿರುವ ಮೊದಲ ದಾರಿ ಏನೂ ಮಾಡದೆ ಸುಮ್ಮನಿರುವುದು ಎಂದರು. ಆ ದಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ಪರ ಮಾತಾಡಲು ಯಾರಿಗೂ ಆಸಕ್ತಿ ಇಲ್ಲ. ಹಾಗಾಗಿ ಅದಕ್ಕೊಂದು ಕುರ್ಚಿ. ಅದರಲ್ಲಿ ಕೂತವರು ಇದ್ದದ್ದು ಇದ್ದ ಹಾಗೇ ಇರಲಿ ಎಂದು ವಾದಿಸಬೇಕು. ಸುಳ್ಳು ಹೇಳಬಾರದು, ಅರೆಮನಸ್ಸಿನಿಂದಲೂ ವಾದಿಸಬಾರದು. ನಿಯಮದ ಕಷ್ಟದ ಭಾಗ ಇನ್ನೊಂದಿತ್ತು. ಯಾರಿಗೆ ಬದಲಾವಣೆ ಎಲ್ಲರಿಗಿಂತ ಹೆಚ್ಚು ಬೇಕೋ, ಅಲ್ಲಿ ಅವರೇ ಕೂರಬೇಕು.

ಹೆಣ್ಣುಮಕ್ಕಳ ಹಾಸ್ಟೆಲ್ ಬೇಕು ಎಂದು ನಾನು ಕೂಗಾಡುತ್ತಿದ್ದ ಕಾಲ. ಮೊದಲು ಕೂರಿಸಿದ್ದು ನನ್ನನ್ನೇ. ಹಾಸ್ಟೆಲ್ ಯಾಕೆ ಬೇಡ ಎಂದು ನಾನು ವಾದಿಸಬೇಕಾಯಿತು. ಆ ಕುರ್ಚಿಯಲ್ಲಿ ಕೂತಾಗ ಒಂದು ಬದಿಗೆ ಜಾರಿದ ಹಾಗಾಗುತ್ತಿತ್ತು, ಅದು ನೆನಪಿದೆ. ಮಾತಾಡುತ್ತ ಹೋದಂತೆ ನನ್ನ ಬೇಡಿಕೆಯಲ್ಲಿ ಎಷ್ಟು ತೂತುಗಳಿವೆ ಎಂದು ನನ್ನ ಬಾಯಿಂದಲೇ ಕೇಳಿಸಿಕೊಂಡೆ. ಅವತ್ತು ಸಂಜೆ ಬಸ್ಸಿನಲ್ಲಿ ಅಳು ಬಂತು. ಹಾಸ್ಟೆಲ್ ಬೇಕೆಂಬ ಮನಸ್ಸು ಮಾತ್ರ ಬದಲಾಗಲಿಲ್ಲ. ಆದರೆ ಎಂಥದು ಬೇಕು, ಎಲ್ಲಿ ಬೇಕು ಎಂಬುದು ಬದಲಾಯಿತು.

ಅವರನ್ನು ದೇವತೆ ಮಾಡಲಾರೆ. ಹೊಗಳುವುದು ಅವರಿಗೆ ಬರುತ್ತಲೇ ಇರಲಿಲ್ಲ. "ಪರವಾಗಿಲ್ಲ" ಎಂದರೆ ಹಬ್ಬ. ಒಮ್ಮೆ ನಾವೆಲ್ಲ ಪ್ರವಾಸ ಎಲ್ಲಿಗೆ ಎಂದು ಅಂಕ ಹಾಕಿ ತೀರ್ಮಾನಿಸಿದೆವು. ಖರ್ಚಿಗೆ ಇಷ್ಟು ಮಹತ್ವ, ದೂರಕ್ಕೆ ಇಷ್ಟು, ಊಟಕ್ಕೆ ಇಷ್ಟು ಎಂದು ಅವರೇ ಕಲಿಸಿದ ಕೋಷ್ಟಕ. ಲಕ್ಕವಳ್ಳಿ ಮೊದಲು ಬಂತು. ಮೇಡಂ ಕೋಷ್ಟಕ ನೋಡಿ, "ಮೊದಲು ಲಕ್ಕವಳ್ಳಿ ಅಂದ್ಕೊಂಡು ಆಮೇಲೆ ದೂರದ ತೂಕ ಹೆಚ್ಚಿಸಿದ್ದು ಯಾರು?" ಎಂದರು. ಎಲ್ಲರೂ ರುದ್ರೇಶನ ಕಡೆ ನೋಡಿದೆವು. "ತಕ್ಕಡಿಗೆ ಬೆರಳು ಕೊಡೋ ಅಂಗಡಿಯವನನ್ನ ಬೈತೀರ. ನೀವು ಮಾಡಿದ್ದೂ ಅದೇ" ಎಂದು ಪ್ರವಾಸವನ್ನೇ ರದ್ದು ಮಾಡಿದರು. ಪಾಪ ಅವನಿಗೆ ಇದ್ದದ್ದು ಅಮ್ಮನ ಕೈ ಊಟ ಎಲ್ಲರಿಗೂ ಹಾಕಿಸಬೇಕೆಂಬ ಆಸೆ. ಮುಂದಿನ ವಾರ ಸ್ಟೀಲ್ ಡಬ್ಬಿಯ ತುಂಬ ಮಂಡಕ್ಕಿ ತಂದು ಅವನ ಮುಂದೆ ಇಟ್ಟು, ಏನೂ ಹೇಳದೆ ಪಾಠ ಶುರು ಮಾಡಿದರು. ಅದು ಅವರ ಕ್ಷಮಾಪಣೆ ಇರಬಹುದು. ಕೇಳುವ ಧೈರ್ಯ ಯಾರಿಗಿತ್ತು?

ಅವರ ಊರು ತರೀಕೆರೆಗೂ ಅಜ್ಜಂಪುರಕ್ಕೂ ನಡುವೆ, ಮುಖ್ಯರಸ್ತೆಯಿಂದ ಒಳಗಿತ್ತು. ತಮ್ಮನ ಸಂಸಾರದ ಜೊತೆ ಇದ್ದರು. ದಿನಾ ಸಂಜೆ ಅವರು ಹತ್ತುತ್ತಿದ್ದ ಬಸ್ಸು ತರೀಕೆರೆಯಿಂದ ನಾಲ್ಕೂವರೆಗೆ ಹೊರಟು, ಆ ಒಳದಾರಿಯ ಹಳ್ಳಿಗಳನ್ನೆಲ್ಲ ಸುತ್ತಿ ಅಜ್ಜಂಪುರ ಸೇರುತ್ತಿತ್ತು. ಜನ ಅದನ್ನು "ಮೇಡಂ ಬಸ್ಸು" ಅನ್ನುತ್ತಿದ್ದರು. ಯಾಕೆ ಎಂದು ನಮಗೆ ಹೇಳಿದ್ದು ಕಂಡಕ್ಟರು, ಮೇಡಂ ಅಲ್ಲ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಊರಿನ ಹೆಣ್ಣುಮಕ್ಕಳು ಹತ್ತನೇ ತರಗತಿಗೆ ಓದು ನಿಲ್ಲಿಸುತ್ತಿದ್ದರಂತೆ. ಊರಿಗೆ ಬಸ್ಸೇ ಇರಲಿಲ್ಲ. ಮೇಡಂ ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದು ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುವ ಹಾಗೆ ಮಾಡಿದರಂತೆ. ಮೊದಲ ದಿನ ಊರಿನವರು ಬಸ್ಸಿಗೆ ತೋರಣ ಕಟ್ಟಿ, ಕಾಯಿ ಒಡೆದು, ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಮೆರವಣಿಗೆ ಮಾಡಿದ್ದರು. ಅವರ ಜೀವನದಲ್ಲಿ ಕಣ್ಣಿಗೆ ಕಾಣುವಂಥ ದೊಡ್ಡ ಕೆಲಸ ಅದೊಂದೇ ಎಂದು ಅವರ ತಮ್ಮ ಒಮ್ಮೆ ಹೇಳಿದ್ದುಂಟು.

ಎರಡನೇ ವರ್ಷ, ಮುಗಿದುಹೋದ ಕೆಲಸಗಳ ಮೌಲ್ಯಮಾಪನದ ಪಾಠ ಬಂತು. ಜೋಡಿಗೊಂದು ಯೋಜನೆ ಹಂಚಿದರು. ಯಾರಿಗೋ ಕೆರೆಯ ಏರಿ, ಯಾರಿಗೋ ಅಂಗನವಾಡಿ. ನಮ್ಮ ಬೆಂಚಿನ ಹತ್ತಿರ ಬಂದು, "ನೀವಿಬ್ರೂ ನನ್ನ ಬಸ್ಸು ತಗೊಳ್ಳಿ" ಎಂದರು.

ರುದ್ರೇಶ ಎದ್ದು ನಿಂತ. "ಮೇಡಂ, ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಲೇ ಇದಾವಲ್ಲ?"

"ಅದಕ್ಕೇ ಕೊಟ್ಟಿದ್ದು."

"ಚೆನ್ನಾಗಿದೆ ಅಂತ ಬರೆದ್ರೆ?"

"ಫೇಲು. ಕೆಟ್ಟದು ಅಂತ ಬರೆದ್ರೂ ಫೇಲು. ಬಸ್ಸು ಬರದೇ ಇದ್ದಿದ್ರೆ ಆ ಊರು ಹೇಗಿರ್ತಿತ್ತು, ಈಗ ಹೇಗಿದೆ, ಎರಡಕ್ಕೂ ನಡುವೆ ಇರೋದೇನು ಅಂತ ತಿಳ್ಕೊಂಡು ಬಾ."

ನಾವು ಹೋದೆವು. ಊರಿನಲ್ಲಿ ಕೇಳಿದವರೆಲ್ಲ ಬಸ್ಸನ್ನು ಹೊಗಳಿದರು. ಹುಡುಗಿಯರು ಕಾಲೇಜಿಗೆ ಹೋಗುತ್ತಿದ್ದುದೂ ನಿಜ. ನಮ್ಮ ಕೆಲಸ ಮುಗಿಯಿತೆಂದು ಶಾಲೆಯ ಜಗುಲಿಯ ಮೇಲೆ ಕೂತು ನೀರು ಕುಡಿಯುತ್ತಿದ್ದೆವು. ಹತ್ತನೇ ತರಗತಿಯ ಒಬ್ಬ ಹುಡುಗಿ ಅಲ್ಲಿ ವಿಜ್ಞಾನದ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಪುಷ್ಪ ಎಂದು ಹೆಸರು. ಮಾತಿಗೆ ಮಾತು ಎಂದು, ಮುಂದೆ ಏನು ತಗೋತೀಯಮ್ಮ ಎಂದೆ.

"ಆರ್ಟ್ಸು."

"ಸೈನ್ಸ್ ಇಷ್ಟ ಇಲ್ವಾ?"

"ಇಷ್ಟಾನೇ. ಬಸ್ಸು ನಾಲ್ಕೂವರೆಗೆ ಬಿಡ್ತದಲ್ಲಕ್ಕಾ" ಎಂದಳು, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನಲ್ಲ ಎನ್ನುವ ಹಾಗೆ.

ಕಾಲೇಜಿನಲ್ಲಿ ಲ್ಯಾಬ್ ಮುಗಿಯುವಾಗ ಐದು ಗಂಟೆ. ಸೈನ್ಸ್ ತೆಗೆದುಕೊಂಡರೆ ಸಂಜೆಯ ಬಸ್ಸು ತಪ್ಪುತ್ತದೆ. ಗಂಡುಹುಡುಗರು ಲಾರಿಯೋ ಬೈಕೋ ಹತ್ತಿ ಬರುತ್ತಾರೆ. ಹುಡುಗಿಯರನ್ನು ಹಾಗೆ ಬಿಡುವುದಿಲ್ಲ. ನಾವು ಮತ್ತೆ ಮನೆಮನೆಗೆ ಹೋದೆವು. ಬಸ್ಸು ಬಂದಂದಿನಿಂದ ಆ ಊರಿನ ಒಬ್ಬ ಹುಡುಗಿಯೂ ಸೈನ್ಸ್ ತೆಗೆದುಕೊಂಡಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಯಾರಿಗೂ ಅದು ಕೊರತೆ ಎಂದೂ ಅನ್ನಿಸಿರಲಿಲ್ಲ. ಯಾವ ವಿಷಯ ಓದಬೇಕೆಂದು ಬಸ್ಸಿನ ವೇಳೆ ಸದ್ದಿಲ್ಲದೆ ತೀರ್ಮಾನ ಮಾಡುತ್ತಿತ್ತು.

ತರಗತಿಯಲ್ಲಿ ಇದನ್ನು ಓದಿ ಹೇಳಿದೆ. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ ಕೇಳಿದ್ದು ಒಂದೇ.

"ಮುಖ್ಯರಸ್ತೆ ಮೇಲಿರೋ ಪಕ್ಕದೂರಲ್ಲಿ?"

ಅದನ್ನು ನಾವು ನೋಡಿರಲಿಲ್ಲ.

"ನೋಡ್ಕೊಂಡು ಬನ್ನಿ. ಅಲ್ಲೂ ಹುಡುಗೀರು ತಗೊಳ್ದೇ ಇದ್ರೆ ಕಾರಣ ಬಸ್ಸಲ್ಲ. ನನ್ನನ್ನ ತಪ್ಪಿತಸ್ಥೆ ಮಾಡೋಕೂ ಪುರಾವೆ ಬೇಕು ಕಣಮ್ಮ, ಬಿಡ್ಸೋಕೂ ಬೇಕು."

ಪಕ್ಕದೂರಿಗೆ ದಿನವಿಡೀ ಬಸ್ಸುಗಳಿದ್ದವು. ಅಲ್ಲಿ ಹುಡುಗಿಯರು ಸೈನ್ಸ್ ತೆಗೆದುಕೊಂಡಿದ್ದರು, ಎಲ್ಲರೂ ಅಲ್ಲ, ಆದರೆ ಪ್ರತಿವರ್ಷ ಯಾರಾದರೊಬ್ಬರು. ನಾವು ಬಂದು ಹೇಳಿದೆವು. ಮೇಡಂ ಕಪ್ಪುಹಲಗೆಯ ಕಡೆ ತಿರುಗಿ ನಿಂತರು. ಬೆನ್ನು ಮಾತ್ರ ಕಾಣುತ್ತಿತ್ತು. ತಿರುಗಿದಾಗ ಮುಖ ಎಂದಿನಂತಿತ್ತು. "ಪರವಾಗಿಲ್ಲ" ಎಂದರು. ನಮ್ಮ ವರದಿಗೆ.

ಡಿಪೋದವರನ್ನು ಅವರೇ ಹೋಗಿ ಕಂಡರು. ಇನ್ನೊಂದು ಬಸ್ಸು ಕೊಡಲಾರೆವು, ಇರುವುದನ್ನು ಬೇಕಾದರೆ ಒಂದು ಗಂಟೆ ತಡವಾಗಿ ಬಿಡಬಹುದು, ಆದರೆ ಊರಿನವರು ಒಪ್ಪಬೇಕು ಎಂಬ ಉತ್ತರ ಬಂತು. ಹಾಗಾಗಿ ಒಂದು ಭಾನುವಾರ ಊರಿನ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಶುರುವಿಗೆ ನಮ್ಮ ವರದಿ ಓದಿದೆವು, ಪುಷ್ಪಳ ಮಾತೂ ಅದರಲ್ಲಿತ್ತು. ಪುಷ್ಪ ಕಂಬದ ಹಿಂದೆ ನಿಂತಿದ್ದಳು. ಪರೀಕ್ಷೆ ಮುಗಿದಿತ್ತು, ಇನ್ನೇನು ಕಾಲೇಜಿಗೆ ಅರ್ಜಿ ಹಾಕುವ ಸಮಯ. ಆ ಸಭೆ ಏನು ಹೇಳುತ್ತದೋ ಅವಳ ಓದು ಹಾಗೆ.

ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: "ಬಿಸಿಲು. ಮೈಕು ಕೆಟ್ಟಿತ್ತು. ಮೇಡಂ ಕುರ್ಚಿಯಲ್ಲಿ ಕೂತರು." ಉಳಿದದ್ದು ನೆನಪು. ರುದ್ರೇಶನನ್ನೂ ಕೇಳಿ ಬರೆಯುತ್ತಿದ್ದೇನೆ.

ಊರಿನ ಹಿರಿಯರೊಬ್ಬರು ಮೊದಲೇ ಎದ್ದರು. "ಮೇಡಂ ಬಸ್ನ ಯಾರೂ ಮುಟ್ಟಾದ್ ಬ್ಯಾಡ. ನೀನ್ ಅಷ್ಟ್ ಕಷ್ಟಪಟ್ ತಂದಿದ್ದು ಕಣವ್ವ."

"ಕಷ್ಟಪಟ್ಟಿದ್ದು ನಿಜ ದೊಡ್ಡಪ್ಪ. ಟೈಮ್ ನೋಡ್ದೇ ತಂದಿದ್ದೂ ನಿಜ. ನನಗೆ ಆಗ ಬಸ್ ಬೇಕಿತ್ತು, ಹುಡುಗೀರಿಗೆ ಏನ್ ಬೇಕಿತ್ತು ಅಂತ ಕೇಳ್ಲಿಲ್ಲ."

ಹೀಗೆ ಹೇಳಿ ಶಾಲೆಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು ಎಲ್ಲರಿಗೂ ಎದುರಾಗಿ ಹಾಕಿಕೊಂಡರು. ಅದು ಯಾವ ಕುರ್ಚಿ ಎಂದು ನನಗೂ ರುದ್ರೇಶನಿಗೂ ಆಗಲೇ ತಿಳಿಯಿತು. ಆ ಅಂಗಳದಲ್ಲಿ ಬದಲಾವಣೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದುದು ಅವರಿಗೇ. ನಿಯಮದ ಪ್ರಕಾರ ಕೂರಬೇಕಾದವರೂ ಅವರೇ.

"ಈಗ ನಾನು ಬಸ್ಸು ಹೀಗೇ ಇರ್ಲಿ ಅಂತ ಮಾತಾಡ್ತೀನಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕೆಲವರಿಗೆ ತೊಂದರೆಯಾಗಬಹುದು ಎಂದು ನಾವು ಬರೆದಾಗಲೆಲ್ಲ, "ಕೆಲವರಿಗೆ ಮುಖ ಇಲ್ಲ, ಮುಖ ತೋರ್ಸಿ" ಎನ್ನುತ್ತಿದ್ದರು. ಅವತ್ತು ಒಂದೊಂದೇ ಮುಖ ತೋರಿಸಿದರು. "ರಾಜಪ್ಪಣ್ಣ ಡಯಾಲಿಸಿಸ್ ಮುಗಿಸ್ಕೊಂಡು ಮಧ್ಯಾಹ್ನದಿಂದ ತರೀಕೆರೆ ಬಸ್‌ಸ್ಟ್ಯಾಂಡಲ್ಲಿ ಕೂತಿರ್ತಾರೆ. ಇನ್ನೂ ಒಂದು ಗಂಟೆ ಕೂರಿ ಅಂತ ಅವರಿಗೆ ಹೇಳೋರು ಯಾರು? ಸರೋಜ ಈ ಬಸ್ಸಲ್ಲಿ ಅಜ್ಜಂಪುರಕ್ಕೆ ಹೋಗಿ, ರೈಲು ಹಿಡ್ದು, ಬೀರೂರಿನ ನರ್ಸಿಂಗ್ ಹೋಮಿಗೆ ರಾತ್ರಿ ಪಾಳಿಗೆ ಹೋಗ್ತಾಳೆ. ರೈಲು ತಪ್ಪಿದ್ರೆ ಅವಳ ಕೆಲಸ ಹೋಯ್ತು. ಬಸ್ಸು ತಡವಾದ ಮಾತ್ರಕ್ಕೆ ಅಪ್ಪಂದಿರು ಮಗಳನ್ನ ಸೈನ್ಸಿಗೆ ಹಾಕ್ತಾರೆ ಅಂತ ಖಾತ್ರಿ ಏನು? ನನ್ನ ಹತ್ರ ಇಲ್ಲ. ಇಲ್ಲದ ಲಾಭಕ್ಕೆ ಇರೋ ಕೆಲಸ ಕಳೀಬೇಕಾ?"

ಆಮೇಲೆ ಬೆರಳನ್ನು ತಮ್ಮ ಕಡೆಗೇ ತಿರುಗಿಸಿದರು. "ಕೊನೇದಾಗಿ ಒಬ್ಬ ಮೇಷ್ಟ್ರಮ್ಮ ಇದಾಳೆ. ಅವಳಿಗೆ ಮುಸ್ಸಂಜೆ ಆದ್ರೆ ಕಣ್ಣು ಕಾಣಲ್ಲ. ಬಸ್ಸಿಳಿದು ಮನೆ ತನಕ ಕಲ್ಲುದಾರಿ."

ಜನ ನಕ್ಕರು. ನಾನು ನಗಲಿಲ್ಲ, ಅಥವಾ ನಗಲಿಲ್ಲ ಎಂದು ಈಗ ಅಂದುಕೊಳ್ಳುತ್ತೇನೆ. ಅವರ ಕಣ್ಣಿನ ವಿಷಯ ನಮಗೆ ಆವರೆಗೆ ಗೊತ್ತೇ ಇರಲಿಲ್ಲ. ಅದನ್ನು ಹೇಳದೆ ಬಿಟ್ಟಿದ್ದರೆ ತ್ಯಾಗದ ಹಾಗೆ ಕಾಣುತ್ತಿತ್ತು. ಲೆಕ್ಕದಲ್ಲಿ ಬರಬೇಕಾದದ್ದು ಎಂದು ಹೇಳಿದರು, ಅಷ್ಟೆ. ತನಗೆ ಬೇಕಾದದ್ದರ ವಿರುದ್ಧ ಅಷ್ಟು ಪ್ರಾಮಾಣಿಕವಾಗಿ, ಅಷ್ಟು ಬಲವಾಗಿ ವಾದಿಸಿದ ಇನ್ನೊಬ್ಬರನ್ನು ನಾನು ಇಂದಿಗೂ ಕಂಡಿಲ್ಲ. ಸಭೆ ಅವರ ಕಡೆ ವಾಲುವುದು ಕಣ್ಣಿಗೆ ಕಾಣುತ್ತಿತ್ತು. ಗೆದ್ದುಬಿಡುತ್ತಾರೆ ಎಂದು ನನಗೆ ಭಯವಾಯಿತು. ಕಂಬದ ಹಿಂದೆ ಪುಷ್ಪ ತಲೆ ತಗ್ಗಿಸಿದ್ದಳು.

ಮೇಡಂ ಕುರ್ಚಿಯಿಂದ ಎದ್ದರು. "ನನ್ನ ಮಾತು ಮುಗೀತು. ಇದಕ್ಕೆ ಉತ್ತರ ನಾನು ಹೇಳೋ ಹಾಗಿಲ್ಲ. ನೀವು ಹೇಳಿ."

ಮೊದಲು ರಾಜಪ್ಪನವರು ಬೇಲಿ ಪಕ್ಕದಿಂದ, "ಒಂದ್ ಗಂಟೆ ಹೆಚ್ಚಿಗ್ ಕೂರಾದ್ ತಾನೆ? ಬೇಗ ಬಂದ್ರೆ ಮನೇಲ್ ಬೈಸ್ಕಬೇಕು. ಕೂರ್ತೀನ್ ಬಿಡವ್ವ" ಎಂದರು. ಅವರ ಹೆಂಡತಿ ಏನೋ ಅಂದರು, ಅಂಗಳವೆಲ್ಲ ನಕ್ಕಿತು. ಆ ನಗುವಿನಲ್ಲಿ ಪುಷ್ಪಳ ಅಪ್ಪ ಎದ್ದರು. "ನನ್ನ ಮಗಳು ಸೈನ್ಸ್ ಕೇಳಿದ್ಲಾ? ನಂಗೇ ಗೊತ್ತಿಲ್ವಲ್ಲ. ಲೇ, ಕೇಳಿದ್ಯೇನೇ?" ಕಂಬದ ಹಿಂದಿನಿಂದ, "ಕೇಳಿದ್ರೆ ಬಸ್ ಎಲ್ಲಿತ್ತಪ್ಪಾ?" ಎಂಬ ಸಣ್ಣ ದನಿ ಬಂತು. ಅಪ್ಪ ಸಭೆಯ ಕಡೆ ತಿರುಗಿದರು. "ತಡವಾಗೇ ಬರ್ಲಿ ಬಿಡಿ" ಎಂದು ಕೂತರು.

ಸಭೆ ಒಪ್ಪಿತು. ಮೇಡಂ ಒಪ್ಪಲಿಲ್ಲ. ಸರೋಜಳದು ಇತ್ಯರ್ಥವಾಗುವವರೆಗೆ ಯಾರೂ ಏಳಕೂಡದು ಎಂದರು. ಆಮೇಲೆ ನೋಡೋಣ ಎಂದವರಿಗೆ, "ಆಮೇಲೆ ಅನ್ನೋದು ಕ್ಯಾಲೆಂಡರಲ್ಲಿ ಎಲ್ಲಿದೆ?" ಎಂದರು. ಬಹಳ ಹೊತ್ತಿನ ಮೇಲೆ, ಸಂಜೆ ಅಜ್ಜಂಪುರಕ್ಕೆ ಹೋಗುವ ಹಾಲಿನ ಗಾಡಿಯವನು ಅವಳನ್ನು ದಿನಾ ಸ್ಟೇಷನ್ನಿಗೆ ಬಿಡುತ್ತೇನೆಂದು ಎಲ್ಲರೆದುರು ಮಾತು ಕೊಟ್ಟ. ಮೇಷ್ಟ್ರಮ್ಮನ ಕಣ್ಣಿನ ಬಗ್ಗೆ ಯಾರೂ ಕೇಳಲಿಲ್ಲ. ಅವರೂ ಎತ್ತಲಿಲ್ಲ.

ಬಸ್ಸು ಐದೂವರೆಗೆ ಹೊರಡತೊಡಗಿತು. ಪುಷ್ಪ ಸೈನ್ಸ್ ಸೇರಿದಳು. ನಾನು ಗೆಲುವಿನಿಂದ ಓಡಿಹೋಗಿ ಹೇಳಿದರೆ ಮೇಡಂ, "ಒಬ್ಬಳು. ಒಬ್ಬಳಿಂದ ಏನೂ ಗೊತ್ತಾಗಲ್ಲ, ಕಾಯ್ಬೇಕು" ಎಂದರು. ಪುಷ್ಪ ಭೌತಶಾಸ್ತ್ರದಲ್ಲಿ ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ, ಈಗ ಶಿವಮೊಗ್ಗದ ಒಂದು ಲ್ಯಾಬಿನಲ್ಲಿದ್ದಾಳೆ. ಆ ಸುದ್ದಿ ಹೇಳಿದಾಗಲೂ ಅವರು ಕಾಯುತ್ತಲೇ ಇದ್ದರು.

ಮೇಡಂ ತಿಥಿಯ ಊಟಕ್ಕೆ ನನಗೆ ಹೋಗಲಾಗಲಿಲ್ಲ, ತರೀಕೆರೆಯಲ್ಲಿ ತರಬೇತಿ ಇತ್ತು. ಮುಗಿಸಿಕೊಂಡು, ಅವರ ಮನೆಗೆ ಹೋಗಿಬರೋಣವೆಂದು ಸಂಜೆ ಅದೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರು ಕಲಿಸಿದ್ದನ್ನು ಅವರ ಮೇಲೆಯೇ ಪ್ರಯೋಗಿಸಲು ನೋಡಿದೆ. ಅವರು ಇಲ್ಲದಿದ್ದರೆ ಏನಾಗುತ್ತಿತ್ತು? ಮನಸ್ಸಿನಲ್ಲೇ ಆ ಕುರ್ಚಿ ಹಾಕಿ ಕೂತೆ. ಇಂದಲ್ಲ ನಾಳೆ ಬೇರೆ ಬಸ್ಸು ಬರುತ್ತಿತ್ತು, ಪುಷ್ಪ ಹೇಗೋ ಓದುತ್ತಿದ್ದಳು, ನಾನೂ ಯಾವುದೋ ಕೆಲಸ ಹಿಡಿಯುತ್ತಿದ್ದೆ ಎಂದು ವಾದ ಶುರು ಮಾಡಿದೆ. ಅಷ್ಟಕ್ಕೇ ಆ ಕುರ್ಚಿಯಿಂದ ಎದ್ದುಬಿಟ್ಟೆ.

ಪಕ್ಕದ ಸೀಟಿನಲ್ಲಿ ಇಬ್ಬರು ಹುಡುಗಿಯರು, ತೊಡೆಯ ಮೇಲೆ ಲ್ಯಾಬ್ ರೆಕಾರ್ಡು. ಒಬ್ಬಳ ಬೆರಳ ತುದಿ ಯಾವುದೋ ರಾಸಾಯನಿಕದಿಂದ ಕಂದಾಗಿತ್ತು.

"ಪ್ರಾಕ್ಟಿಕಲ್ ಇತ್ತಾ? ಬಸ್ಸು ತಪ್ಪುತ್ತೆ ಅಂತ ಭಯ ಆಗಲ್ವಾ?"

"ಇಲ್ಲ ಆಂಟಿ, ಇದು ಲ್ಯಾಬ್ ಮುಗಿದ್ ಮೇಲೇ ಅಲ್ವಾ ಬಿಡೋದು."

"ಮುಂಚೆ ನಾಲ್ಕೂವರೆಗೆ ಬಿಡ್ತಿತ್ತು."

"ಹೂಂ, ಟೀಚರಜ್ಜಿ ಹೇಳ್ತಿದ್ರು" ಎಂದಳು ಕಂದು ಬೆರಳಿನವಳು. "ಮೊನ್ನೆ ತೀರ್ಕೊಂಡ್ರಲ್ಲ, ಅವ್ರು. ರಿಟೈರ್ ಆದ್ರೂ ಲೈಬ್ರರಿಗೆ ಅಂತ ಬರೋರು. ಸಂಜೆ ಕಣ್ ಕಾಣ್ತಿರ್ಲಿಲ್ಲ, ನಾವೇ ಕೈ ಹಿಡ್ಕೊಂಡು ಮನೆಗ್ ಬಿಡ್ತಿದ್ವಿ. ನಮಗಿಂತ ಮುಂಚೆ ಸೈನ್ಸಿನ ಅಕ್ಕಂದಿರು ಬಿಡ್ತಿದ್ರಂತೆ. ದಾರಿಯೆಲ್ಲ ಲ್ಯಾಬಲ್ಲಿ ಏನ್ ಮಾಡಿದ್ರಿ, ಏನ್ ಮಾಡಿದ್ರಿ ಅಂತ ಕೇಳೋರು."

"ಬಸ್ಸಿನ ಬಗ್ಗೆ ಏನು ಹೇಳ್ತಿದ್ರು?"

"ಮುಂಚೆ ಯಾರೋ ತಲೆ ಇಲ್ದೋಳು ನಾಲ್ಕೂವರೆ ಬಸ್ ತರ್ಸಿ, ಊರ್ ತುಂಬ ಮೆರವಣಿಗೆ ಬೇರೆ ಮಾಡಿಸ್ಕೊಂಡಿದ್ಲಂತೆ." ಇಬ್ಬರೂ ನಕ್ಕರು.

"ಯಾರಂತೆ ಅವಳು?"

"ಕೇಳಿದ್ವಿ. ಹೇಳ್ಲಿಲ್ಲ. ಜೋರಾಗಿ ನಗೋರು, ಅಷ್ಟೆ."

ನಾನೂ ಹೇಳಲಿಲ್ಲ.

ಊರು ಬಂತು. ಹೊರಗೆ ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಮುಂದೆ ಇಳಿದ ಹುಡುಗಿ, ಅಭ್ಯಾಸಬಲದಿಂದಲೇ ಇರಬೇಕು, ಹಿಂದೆ ತಿರುಗಿ ಮೆಟ್ಟಿಲ ಬಳಿ ಕೈ ಚಾಚಿದಳು. "ಹುಷಾರು, ಇಲ್ಲಿ ಕಲ್ಲಿದೆ."

ನನ್ನ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಆದರೂ ಆ ಕೈ ಹಿಡಿದು ಇಳಿದೆ.